ಎರಡು ಸೆಕೆಂಡಿನ ಗಾಮಾ ಸ್ಫೋಟ: ಫರ್ಮಿ ಡೇಟಾವನ್ನು ನೀವೇ ವಿಶ್ಲೇಷಿಸುವ ಬಗೆ

ಗಾಮಾ ಕಿರಣಗಳು ವಾತಾವರಣವನ್ನು ದಾಟಿ ನೆಲ ಮುಟ್ಟುವುದಿಲ್ಲ. ಅದಕ್ಕೇ ಗಾಮಾ ಕಿರಣ ಸ್ಫೋಟಗಳ (ಆಕಾಶದ ಒಂದು ಕಡೆಯಿಂದ ಸ್ವಲ್ಪ ಹೊತ್ತು ಮಾತ್ರ ಬರುವ ಗಾಮಾ ಕಿರಣಗಳ ಮಿಂಚು) ಅಧ್ಯಯನ ಮೊದಲಿನಿಂದಲೂ ಉಪಗ್ರಹಗಳನ್ನೇ ನಂಬಿಕೊಂಡು ಬಂದಿದೆ. ಮೊದಲ ಸ್ಫೋಟ ದಾಖಲಾದದ್ದು 1967ರ ಜುಲೈ 2ರಂದು, ಅಣುಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳಲ್ಲಿ. ಅದರ ಸುದ್ದಿ ಹೊರಬಂದದ್ದು 1973ರಲ್ಲಿ. ಈಗ ನಾಸಾದ ಫರ್ಮಿ ನೌಕೆಯ ಜಿಬಿಎಂ (ಗಾಮಾ-ರೇ ಬರ್ಸ್ಟ್ ಮಾನಿಟರ್) ಉಪಕರಣ ಒಂದೇ ವರ್ಷಕ್ಕೆ ಸುಮಾರು 240 ಸ್ಫೋಟಗಳನ್ನು ಹಿಡಿಯುತ್ತದೆ. ಅದರ ಡೇಟಾ ಬೇಗನೆ ಸಾರ್ವಜನಿಕ ಸಂಗ್ರಹಕ್ಕೆ ಸೇರುತ್ತದೆ. ಅದಕ್ಕೆ ಯಾರ ಅನುಮತಿಯೂ ಬೇಡ, ಶುಲ್ಕವೂ ಇಲ್ಲ. ಭೌತಶಾಸ್ತ್ರದ ಪದವಿ ವಿದ್ಯಾರ್ಥಿಯೊಬ್ಬರು ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಇದನ್ನು ಪೂರ್ತಿ ವಿಶ್ಲೇಷಿಸಬಹುದು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು 2017ರ ಆಗಸ್ಟ್ 17ರ ಸ್ಫೋಟ, ಜಿಆರ್‌ಬಿ 170817ಎ. ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದಾಗ ಹೊರಟ ಗುರುತ್ವ ಅಲೆಗಳ ಬೆನ್ನಿಗೇ ಬಂದ ಗಾಮಾ ಮಿಂಚು ಇದು. ಕಲಿಯುವುದಕ್ಕೆ ಇದೇ ಏಕೆ? ಇದು ಕ್ಷೀಣ, ಚಿಕ್ಕದು, ಹಿನ್ನೆಲೆ ಎಣಿಕೆಗಳ (ಸ್ಫೋಟವಿಲ್ಲದಾಗಲೂ ಡಿಟೆಕ್ಟರಿನಲ್ಲಿ ದಾಖಲಾಗುತ್ತಲೇ ಇರುವ ಎಣಿಕೆಗಳು) ನಡುವೆ ಅರ್ಧ ಮುಳುಗಿದೆ. ಪ್ರಖರ ಸ್ಫೋಟವಾದರೆ ಹೇಗೆ ಮಾಡಿದರೂ ಸುಂದರವಾದ ಚಿತ್ರ ಬಂದುಬಿಡುತ್ತದೆ, ಎಲ್ಲಿ ತಪ್ಪಿದೆವು ಎಂಬುದು ಕಾಣುವುದಿಲ್ಲ. ಇಲ್ಲಿ ಹಿನ್ನೆಲೆಯನ್ನು ಸರಿಯಾಗಿ ಅಳೆಯದಿದ್ದರೆ ಉತ್ತರವೇ ಕೈಗೆ ಸಿಗದು.

ಮೊದಲು ಉಪಕರಣದ ಪರಿಚಯ

ಜಿಬಿಎಂನಲ್ಲಿ ಒಟ್ಟು 14 ಡಿಟೆಕ್ಟರುಗಳಿವೆ. ಹನ್ನೆರಡು ಸೋಡಿಯಂ ಅಯೋಡೈಡ್ ಹರಳಿನವು. ಪ್ರತಿಯೊಂದೂ 12.7 ಸೆಂ.ಮೀ. ಅಗಲದ, 1.27 ಸೆಂ.ಮೀ. ದಪ್ಪದ ಬಿಲ್ಲೆ. ಇವು 8 ಕೆಇವಿಯಿಂದ (ಸಾವಿರ ಎಲೆಕ್ಟ್ರಾನ್ ವೋಲ್ಟ್) ಸುಮಾರು 1000 ಕೆಇವಿವರೆಗೆ ನೋಡುತ್ತವೆ. ಉಳಿದೆರಡು ಬಿಸ್ಮತ್ ಜರ್ಮನೇಟ್ ಹರಳಿನವು, ಚಿಕ್ಕದಾಗಿ ಬಿಜಿಒ. ಇವುಗಳ ವ್ಯಾಪ್ತಿ 200 ಕೆಇವಿಯಿಂದ 40,000 ಕೆಇವಿ. ಸೋಡಿಯಂ ಅಯೋಡೈಡ್ ಡಿಟೆಕ್ಟರುಗಳಿಗೆ ಎನ್0ರಿಂದ ಎನ್9, ಆಮೇಲೆ ಎನ್‌ಎ, ಎನ್‌ಬಿ ಎಂದು ಹೆಸರು; ಬಿಜಿಒಗಳಿಗೆ ಬಿ0, ಬಿ1. ಎನ್0ರಿಂದ ಎನ್5 ಇರುವ ಬದಿಯಲ್ಲಿ ಬಿ0 ಇದೆ, ಉಳಿದ ಆರು ಇರುವ ಬದಿಯಲ್ಲಿ ಬಿ1. ಈ ಜೋಡಣೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಹರಳುಗಳು ಚಿತ್ರ ತೆಗೆಯುವುದಿಲ್ಲ. ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿರುವ ಹನ್ನೆರಡು ಬಿಲ್ಲೆಗಳಲ್ಲಿ ಯಾವುದಕ್ಕೆ ಎಷ್ಟು ಎಣಿಕೆ ಬಂತು ಎಂಬ ಅನುಪಾತದಿಂದಲೇ ದಿಕ್ಕನ್ನು ಲೆಕ್ಕ ಹಾಕಬೇಕು. ಹಾಗಾಗಿ ಜಿಬಿಎಂ ಹೇಳುವ ಸ್ಥಾನದಲ್ಲಿ ಹಲವು ಡಿಗ್ರಿಗಳಷ್ಟು ಅನಿಶ್ಚಿತತೆ ಇರುತ್ತದೆ. 2004ರ ನವೆಂಬರ್ 20ರಂದು ಉಡಾಯಿಸಿದ ನಾಸಾದ ಇನ್ನೊಂದು ನೌಕೆ ಸ್ವಿಫ್ಟ್‌ನದು ಬೇರೆ ವಿಧಾನ. ಅದು ರಂಧ್ರಗಳ ಮುಸುಕಿನ ನೆರಳಿನಿಂದ ಕೆಲವೇ ಆರ್ಕ್‌ಮಿನಿಟುಗಳೊಳಗೆ ಸ್ಥಾನ ಗುರುತಿಸಿ, ಒಂದೆರಡು ನಿಮಿಷದಲ್ಲಿ ತಾನೇ ತಿರುಗಿ ಎಕ್ಸ್-ರೇ ದೂರದರ್ಶಕದಿಂದ ನೋಡುತ್ತದೆ. ಸ್ಥಾನಕ್ಕೆ ಸ್ವಿಫ್ಟ್, ಯಾವ ಶಕ್ತಿಯ ಫೋಟಾನು ಎಷ್ಟೆಂದು ತೋರಿಸುವ ಅಗಲವಾದ ಸ್ಪೆಕ್ಟ್ರಮ್‌ಗೆ ಫರ್ಮಿ ಎಂದು ಇಟ್ಟುಕೊಂಡರೆ ಯಾವ ಡೇಟಾ ಯಾವಾಗ ಬೇಕೆಂಬುದು ಸ್ಪಷ್ಟವಾಗುತ್ತದೆ.

ಸಾಫ್ಟ್‌ವೇರ್ ಮತ್ತು ಫೈಲುಗಳು

ಪೈಥಾನ್ ಬಲ್ಲವರಿಗೆ ಗಾಮಾ-ರೇ ಡೇಟಾ ಟೂಲ್ಸ್ ಎಂಬ ಉಚಿತ ಲೈಬ್ರರಿ ಸಾಕು. ಅದರ ಮೂಲ ಭಾಗ ಒಂದು, ಫರ್ಮಿಗೆ ಸೇರಿದ ಭಾಗ ಇನ್ನೊಂದು, ಎರಡನ್ನೂ ಹಾಕಿಕೊಳ್ಳಬೇಕು. ಸ್ಪೆಕ್ಟ್ರಮ್ ಹೊಂದಿಸಲು ಇದರ ಜೊತೆಗೆ ನಾಸಾದ ಹೀಸಾಫ್ಟ್ ಕಟ್ಟಿನಲ್ಲಿರುವ ಎಕ್ಸ್‌ಸ್ಪೆಕ್ ಇದ್ದರೆ ಒಳ್ಳೆಯದು. ಹೀಸಾಫ್ಟ್ ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ನಡೆಯುತ್ತದೆ. ವಿಂಡೋಸ್ ಇರುವವರು ಅದರೊಳಗೇ ಲಿನಕ್ಸ್ ಉಪವ್ಯವಸ್ಥೆ ಹಾಕಿಕೊಳ್ಳಬೇಕಾಗುತ್ತದೆ. ಪೈಥಾನ್‌ಗೆ ಪ್ರತ್ಯೇಕ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ. ಹಳೆಯ ಪ್ಯಾಕೇಜುಗಳ ಆವೃತ್ತಿ ಹೊಂದದೆ ಮೊದಲ ದಿನವೇ ಕೈಚೆಲ್ಲುವವರು ಬಹಳ.

ಡೇಟಾ ಇರುವುದು ನಾಸಾದ ಹೀಸಾರ್ಕ್ ಸಂಗ್ರಹದಲ್ಲಿ. ಫರ್ಮಿ, ಜಿಬಿಎಂ, ಟ್ರಿಗರ್ಸ್, 2017 ಎಂಬ ಫೋಲ್ಡರುಗಳ ಒಳಗೆ ಹೋದರೆ ಬಿಎನ್170817529 ಎಂಬ ಹೆಸರು ಸಿಗುತ್ತದೆ. ಮೊದಲ ಆರು ಅಂಕಿ ವರ್ಷ, ತಿಂಗಳು, ದಿನ. ಕೊನೆಯ ಮೂರು, ಟ್ರಿಗರ್ ಆದ (ಎಣಿಕೆ ಏರಿದ್ದನ್ನು ನೌಕೆ ಗುರುತಿಸಿದ) ಹೊತ್ತಿಗೆ ದಿನದ ಎಷ್ಟು ಸಾವಿರಾಂಶ ಕಳೆದಿತ್ತು ಎಂಬುದು. 12 ಗಂಟೆ 41 ನಿಮಿಷ 6.47 ಸೆಕೆಂಡ್ ಎಂದರೆ 45,666 ಸೆಕೆಂಡ್. ಅದನ್ನು 86,400ರಿಂದ ಭಾಗಿಸಿದರೆ 0.5286, ಅಂದರೆ 529.

ಫೋಲ್ಡರಿನಲ್ಲಿ ಮೂರು ಬಗೆಯ ಡೇಟಾ ಕಾಣುತ್ತದೆ. ಸಿಟೈಮ್‌ನಲ್ಲಿ 8 ಶಕ್ತಿ ಚಾನೆಲ್‌ಗಳು. ಟ್ರಿಗರ್ ಆದಮೇಲೆ 64 ಮಿಲಿಸೆಕೆಂಡಿನ ಅಂತರ. ಸಿಸ್ಪೆಕ್‌ನಲ್ಲಿ 128 ಚಾನೆಲ್, ಅಂತರ ಸುಮಾರು ಒಂದು ಸೆಕೆಂಡ್. ಟಿಟಿಇಯಲ್ಲಿ ಒಂದೊಂದು ಫೋಟಾನಿನ ಬರವೂ 2 ಮೈಕ್ರೋಸೆಕೆಂಡ್ ನಿಖರತೆಯಲ್ಲಿ 128 ಚಾನೆಲ್‌ಗಳಲ್ಲಿ ದಾಖಲಾಗಿರುತ್ತದೆ. ಎರಡು ಸೆಕೆಂಡಿನ ಸ್ಫೋಟಕ್ಕೆ ಸಿಸ್ಪೆಕ್ ಯಾವ ಉಪಯೋಗಕ್ಕೂ ಬಾರದು. ಟಿಟಿಇ ಇಳಿಸಿಕೊಳ್ಳಿ. ಅದರ ಜೊತೆಗೆ ಅದೇ ಡಿಟೆಕ್ಟರಿನ ರೆಸ್ಪಾನ್ಸ್ ಫೈಲ್ (ಯಾವ ಶಕ್ತಿಯ ಫೋಟಾನ್ ಯಾವ ಚಾನೆಲ್‌ನಲ್ಲಿ ಎಷ್ಟು ದಾಖಲಾಗುತ್ತದೆ ಎಂದು ಹೇಳುವ ಫೈಲ್) ಬೇಕು. ಸಿಸ್ಪೆಕ್‌ಗೆಂದು ಇಟ್ಟಿರುವ ರೆಸ್ಪಾನ್ಸ್ ಫೈಲನ್ನೇ ಟಿಟಿಇಗೂ ಬಳಸಬಹುದು, ಎರಡರದೂ 128 ಚಾನೆಲ್. ಸಿಟೈಮ್‌ನದನ್ನು ಹಾಕಿದರೆ ಚಾನೆಲ್ ಸಂಖ್ಯೆ ಹೊಂದದೆ ದೋಷ ಬರುತ್ತದೆ.

ಸಮಯದ ಲೆಕ್ಕ

ಫರ್ಮಿ ಸಮಯವನ್ನು 2001ರ ಜನವರಿ 1ರ ಶೂನ್ಯ ಗಂಟೆಯಿಂದ (ಜಾಗತಿಕ ಕಾಲಮಾನ) ಕಳೆದ ಸೆಕೆಂಡುಗಳಲ್ಲಿ ಬರೆಯುತ್ತದೆ. ನಮ್ಮ ಸ್ಫೋಟಕ್ಕೆ ಅದು 524666471.47. ಕೈಯಲ್ಲೇ ದಿನಗಳನ್ನು ಎಣಿಸಿ ಗುಣಿಸಿದರೆ ಐದು ಸೆಕೆಂಡ್ ಕಡಿಮೆ ಬರುತ್ತದೆ. ಆ ಅವಧಿಯಲ್ಲಿ ಸೇರಿಸಿದ ಐದು ಅಧಿಕ ಸೆಕೆಂಡುಗಳು ಬಿಟ್ಟುಹೋಗಿರುತ್ತವೆ. ಎರಡು ಸೆಕೆಂಡಿನ ಸ್ಫೋಟವನ್ನು ಬೇರೊಂದು ಉಪಕರಣದ ದಾಖಲೆಯ ಜೊತೆ ಹೋಲಿಸುವಾಗ ಐದು ಸೆಕೆಂಡಿನ ತಪ್ಪು ಎಂದರೆ ಎಲ್ಲವೂ ತಪ್ಪು.

ಇನ್ನೊಂದು ತಪ್ಪು ಇದಕ್ಕಿಂತ ನವಿರಾದದ್ದು. ಟ್ರಿಗರ್ ಸಮಯ ಸ್ಫೋಟದ ಆರಂಭವಲ್ಲ. ನೌಕೆಯ ಕಂಪ್ಯೂಟರಿಗೆ ಎಣಿಕೆ ಏರಿದ್ದು ಖಚಿತವಾದ ಕ್ಷಣ ಅದು. ಗುರುತ್ವ ಅಲೆಗಳ ಪ್ರಕಾರ ವಿಲೀನವಾದದ್ದು 12:41:04.43ಕ್ಕೆ. ಟ್ರಿಗರ್‌ನಿಂದ ಅದನ್ನು ನೇರವಾಗಿ ಕಳೆದರೆ ಸುಮಾರು 2.04 ಸೆಕೆಂಡ್ ಬರುತ್ತದೆ. ಆದರೆ ಗಾಮಾ ಕಿರಣಗಳು ಟ್ರಿಗರ್‌ಗೆ ಸುಮಾರು 0.3 ಸೆಕೆಂಡ್ ಮುಂಚೆಯೇ ಬರತೊಡಗಿದ್ದವು. ಪ್ರಬಂಧಗಳಲ್ಲಿ ನೀವು ಓದುವ 1.74 ಸೆಕೆಂಡಿನ ಅಂತರ ಹೀಗೆ ಬಂದದ್ದು. ಗುರುತ್ವ ಅಲೆಯ ವೇಗವೂ ಬೆಳಕಿನ ವೇಗವೂ ಹತ್ತಿರಹತ್ತಿರ 10¹⁵ರಲ್ಲಿ ಒಂದು ಭಾಗದ ಮಟ್ಟಕ್ಕೆ ಸಮ ಎಂಬ ತೀರ್ಮಾನ ನಿಂತಿರುವುದು ಈ ಅಂತರದ ಮೇಲೆ.

ಯಾವ ಡಿಟೆಕ್ಟರ್?

ಎಲ್ಲವನ್ನೂ ಕೂಡಿಸಬೇಡಿ. ಸ್ಫೋಟಕ್ಕೆ ಬೆನ್ನು ತಿರುಗಿಸಿರುವ ಡಿಟೆಕ್ಟರ್ ಸಂಕೇತವನ್ನು ಕೊಡುವುದಿಲ್ಲ, ಗದ್ದಲವನ್ನು ಮಾತ್ರ ಸೇರಿಸುತ್ತದೆ. ಮೂಲದ ದಿಕ್ಕಿಗೂ ಬಿಲ್ಲೆಯ ಮುಖಕ್ಕೂ ನಡುವಿನ ಕೋನ 60 ಡಿಗ್ರಿಗಿಂತ ಕಡಿಮೆ ಇರುವವನ್ನೇ ಆರಿಸಿ. ಮೂಲ ಎಲ್ಲಿದೆಯೆಂದು ಇಲ್ಲಿ ಗೊತ್ತಿದೆ: ಎನ್‌ಜಿಸಿ 4993 ಗೆಲಾಕ್ಸಿ, ರೈಟ್ ಅಸೆನ್ಷನ್ (ಆಕಾಶದ ರೇಖಾಂಶ) 197.45 ಡಿಗ್ರಿ, ಡೆಕ್ಲಿನೇಷನ್ (ಆಕಾಶದ ಅಕ್ಷಾಂಶ) ಋಣ 23.38 ಡಿಗ್ರಿ. ಆ ದಿನದ ನೌಕೆಯ ಭಂಗಿಯ ಫೈಲನ್ನು ಕೊಟ್ಟರೆ ಲೈಬ್ರರಿಯೇ ಕೋನಗಳನ್ನು ಲೆಕ್ಕ ಹಾಕುತ್ತದೆ. ಈ ಸ್ಫೋಟಕ್ಕೆ ಬಳಕೆಯಾದವು ಎನ್1, ಎನ್2 ಮತ್ತು ಎನ್5. ಮೂರೂ ಒಂದೇ ಬದಿಯವು, ಹಾಗಾಗಿ ಬಿಜಿಒ ಪೈಕಿ ಬಿ0.

ಕೋನ ಚೆನ್ನಾಗಿದ್ದರೂ ನೌಕೆಯ ಸೌರಫಲಕವೋ ರೇಡಿಯೇಟರೋ ಅಡ್ಡ ಬಂದಿರಬಹುದು. ಆಗ ಕಡಿಮೆ ಶಕ್ತಿಯ ಎಣಿಕೆಗಳು ಮಾತ್ರ ಕಾಣೆಯಾಗಿ ಸ್ಪೆಕ್ಟ್ರಮ್ ಇದ್ದದ್ದಕ್ಕಿಂತ ಗಡುಸಾಗಿ (ಹೆಚ್ಚು ಶಕ್ತಿಯ ಕಡೆಗೆ ವಾಲಿದಂತೆ) ಕಾಣುತ್ತದೆ. ಒಂದು ಡಿಟೆಕ್ಟರ್ ಉಳಿದೆರಡರ ಮಾತನ್ನು ಒಪ್ಪದೆ ಇದ್ದರೆ ಮೊದಲು ಇದನ್ನು ಅನುಮಾನಿಸಿ. ರೆಸ್ಪಾನ್ಸ್ ಫೈಲ್ ಯಾವ ಸ್ಥಾನಕ್ಕೆಂದು ಮಾಡಿದ್ದು ಎಂಬುದನ್ನೂ ನೋಡಿಕೊಳ್ಳಿ. ಜಿಬಿಎಂ ತಾನೇ ಊಹಿಸಿದ ಸ್ಥಾನಕ್ಕೆ ಮಾಡಿದ್ದಾದರೆ, ಸ್ವಿಫ್ಟ್ ಅಥವಾ ನೆಲದ ದೂರದರ್ಶಕಗಳ ನಿಖರ ಸ್ಥಾನ ಸಿಕ್ಕಮೇಲೆ ಅದನ್ನು ಹೊಸದಾಗಿ ಮಾಡಿಕೊಳ್ಳಬೇಕು.

ಲೈಟ್ ಕರ್ವ್

ಲೈಟ್ ಕರ್ವ್ ಎಂದರೆ ಹೊತ್ತು ಕಳೆದಂತೆ ಎಣಿಕೆ ಏರಿಳಿಯುವುದನ್ನು ತೋರಿಸುವ ನಕ್ಷೆ. ಮೂರು ಡಿಟೆಕ್ಟರುಗಳ ಟಿಟಿಇಯನ್ನು ಕೂಡಿಸಿ, 50–300 ಕೆಇವಿ ನಡುವಿನ ಎಣಿಕೆಗಳನ್ನು 64 ಮಿಲಿಸೆಕೆಂಡಿನ ಕಾಲತುಂಡುಗಳಿಗೆ, ಅಂದರೆ ಬಿನ್‌ಗಳಿಗೆ ಹಾಕಿ. ಅರ್ಧ ಸೆಕೆಂಡಿನಷ್ಟು ಅಗಲದ ಒಂದು ಮುಖ್ಯ ಶಿಖರ ಮೇಲೇಳುತ್ತದೆ. ಈಗ ಅದೇ ಡೇಟಾವನ್ನು 10–50 ಕೆಇವಿಗೆ, 256 ಮಿಲಿಸೆಕೆಂಡಿನ ಬಿನ್‌ಗೆ ಬದಲಿಸಿ. ಶಿಖರದ ಹಿಂದೆ ಸುಮಾರು ಎರಡು ಸೆಕೆಂಡ್‌ವರೆಗೆ ಎಳೆದ ಕ್ಷೀಣ ಬಾಲವೊಂದು ಕಾಣಿಸಿಕೊಳ್ಳುತ್ತದೆ. ಮೊದಲ ಚಿತ್ರದಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಅಡಗಿರುತ್ತದೆ. ಯಾವ ಶಕ್ತಿಯಲ್ಲಿ, ಯಾವ ಬಿನ್‌ನಲ್ಲಿ ನೋಡುತ್ತೀರೋ ಅದಕ್ಕೆ ತಕ್ಕ ಸ್ಫೋಟ ಕಾಣುತ್ತದೆ.

ಇದೇ ಅಪಾಯವೂ ಹೌದು. ಬಿನ್ ಬದಲಿಸುತ್ತ ಹೋದರೆ ಶುದ್ಧ ಗದ್ದಲದಲ್ಲೂ ಒಂದಲ್ಲ ಒಂದು ಶಿಖರ ಸಿಕ್ಕೇ ಸಿಗುತ್ತದೆ. ಯಾವ ಬಿನ್‌ಗಳನ್ನು ನೋಡುತ್ತೇವೆಂದು ಮೊದಲೇ ಬರೆದಿಟ್ಟುಕೊಂಡು ನೋಡುವುದು ಪ್ರಾಮಾಣಿಕ ದಾರಿ. ಬಿನ್‌ನ ಅಗಲವನ್ನು ಡೇಟಾವೇ ನಿರ್ಧರಿಸಲಿ ಎನ್ನುವವರಿಗೆ ಬೇಸಿಯನ್ ಬ್ಲಾಕ್ಸ್ ವಿಧಾನವಿದೆ.

ಹಿನ್ನೆಲೆ: ಅರ್ಧಕ್ಕಿಂತ ಹೆಚ್ಚು ಕೆಲಸ ಇಲ್ಲೇ

ಫರ್ಮಿ ಸುಮಾರು 565 ಕಿ.ಮೀ. ಎತ್ತರದಲ್ಲಿ, ಭೂಮಧ್ಯರೇಖೆಗೆ 25.6 ಡಿಗ್ರಿ ಬಾಗಿದ ಕಕ್ಷೆಯಲ್ಲಿ ಸುತ್ತುತ್ತದೆ. ಸುತ್ತಿದಂತೆಲ್ಲ ಭೂಮಿಯ ಕಾಂತಕ್ಷೇತ್ರ, ವಿಕಿರಣ, ಡಿಟೆಕ್ಟರಿಗೆ ಕಾಣುವ ಭೂಮಿಯ ಭಾಗ ಎಲ್ಲವೂ ಬದಲಾಗುತ್ತಿರುತ್ತವೆ. ದಕ್ಷಿಣ ಅಟ್ಲಾಂಟಿಕ್ ಮೇಲೆ ವಿಕಿರಣ ಪಟ್ಟಿ ಕೆಳಕ್ಕಿಳಿದಿರುವ ಪ್ರದೇಶಕ್ಕೆ ಬಂದಾಗ ಡಿಟೆಕ್ಟರುಗಳನ್ನೇ ಆಫ್ ಮಾಡಬೇಕಾಗುತ್ತದೆ. ನಮ್ಮ ಸ್ಫೋಟದ ಹೊತ್ತಿಗೆ ಫರ್ಮಿಯ ದೊಡ್ಡ ದೂರದರ್ಶಕ ಲ್ಯಾಟ್ ಇದೇ ಕಾರಣಕ್ಕೆ ಡೇಟಾ ಸಂಗ್ರಹಿಸುತ್ತಿರಲಿಲ್ಲ. ಜಿಬಿಎಂಗೆ ನಿಗದಿಯಾದ ಗಡಿ ಸ್ವಲ್ಪ ಬೇರೆಯಾದ್ದರಿಂದ ಅದು ಎಚ್ಚರವಾಗಿತ್ತು. ಇಂಥ ಜಾಗದಲ್ಲಿ ಹಿನ್ನೆಲೆಯನ್ನು ಒಂದೇ ಮಟ್ಟದ ಗೆರೆ ಎಂದುಕೊಳ್ಳುವಂತಿಲ್ಲ.

ಮಾಡಬೇಕಾದ್ದು ಇಷ್ಟು. ಸ್ಫೋಟಕ್ಕೆ ಮುಂಚಿನ ಒಂದು ತುಂಡು, ನಂತರದ ಒಂದು ತುಂಡು ಆರಿಸಿಕೊಳ್ಳಿ. ಉದಾಹರಣೆಗೆ, ಟ್ರಿಗರ್ ಕ್ಷಣವನ್ನು ಶೂನ್ಯ ಎಂದಿಟ್ಟುಕೊಂಡು, ಋಣ 30ರಿಂದ ಋಣ 5 ಸೆಕೆಂಡ್, ಆಮೇಲೆ 10ರಿಂದ 60 ಸೆಕೆಂಡ್. ಪ್ರತಿ ಡಿಟೆಕ್ಟರಿಗೂ ಪ್ರತಿ ಚಾನೆಲ್‌ಗೂ ಬೇರೆಬೇರೆಯಾಗಿ ಬಹುಪದೋಕ್ತಿ ಹೊಂದಿಸಿ. ಮೊದಲು ಘಾತ 0, ಆಮೇಲೆ 1, ಸಾಲದಿದ್ದರೆ 2. ಉಳಿಕೆಗಳು (ಡೇಟಾಕ್ಕೂ ಹೊಂದಿಸಿದ ಗೆರೆಗೂ ಇರುವ ವ್ಯತ್ಯಾಸ) ಶೂನ್ಯದ ಎರಡೂ ಬದಿಗೆ ಸಮವಾಗಿ ಚೆದುರಿದ್ದರೆ ಅಲ್ಲೇ ನಿಲ್ಲಿಸಿ. ಘಾತ 4ಕ್ಕೆ ಏರಿಸಿದರೆ ಆಯ್ದ ತುಂಡುಗಳಲ್ಲಿ ಗೆರೆ ಅಂದವಾಗಿ ಕೂರುತ್ತದೆ, ಆದರೆ ನಡುವಿನ ಖಾಲಿ ಜಾಗದಲ್ಲಿ, ಅಂದರೆ ಸ್ಫೋಟ ಇರುವ ಕಡೆಯೇ, ಉಬ್ಬುತ್ತದೆ ಇಲ್ಲವೇ ಕುಸಿಯುತ್ತದೆ.

ಇದು ಎಷ್ಟು ಮುಖ್ಯವೆಂದು ಒಂದು ಕಲ್ಪಿತ ಲೆಕ್ಕದಿಂದ ನೋಡಿ. ಮೂರು ಡಿಟೆಕ್ಟರುಗಳ ಹಿನ್ನೆಲೆ ಸೆಕೆಂಡಿಗೆ 1000 ಎಣಿಕೆ ಎಂದುಕೊಳ್ಳೋಣ. ಎರಡು ಸೆಕೆಂಡಿಗೆ 2000. ಅದರ ಸಹಜ ಏರಿಳಿತ 2000ದ ವರ್ಗಮೂಲ, ಸುಮಾರು 45. ಹಿನ್ನೆಲೆಯಲ್ಲಿ ಶೇಕಡಾ 2ರಷ್ಟು ತಪ್ಪಿದರೆ 40 ಎಣಿಕೆ ಹೆಚ್ಚುಕಡಿಮೆ, ಎರಡೂ ಸಮಸಮ. ಅದೇ 50 ಸೆಕೆಂಡಿನ ಸ್ಫೋಟವಾದರೆ ಹಿನ್ನೆಲೆ 50,000, ಏರಿಳಿತ 224 ಮಾತ್ರ, ಆದರೆ ಶೇಕಡಾ 2ರ ತಪ್ಪು ಎಂದರೆ 1000 ಎಣಿಕೆ. ಉದ್ದವಾದ ಕ್ಷೀಣ ಸ್ಫೋಟಗಳಲ್ಲಿ ಸಿಗುವ "ಹೊಸ ಬಾಲ"ಗಳು ಎಷ್ಟೋ ಸಲ ಹಿನ್ನೆಲೆಯ ತಪ್ಪುಗಳೇ.

ಪರೀಕ್ಷಿಸಲು ಸುಲಭದ ಉಪಾಯವಿದೆ. ಸ್ಫೋಟವೂ ಇಲ್ಲದ, ಹೊಂದಿಕೆಗೆ ಬಳಸಿಯೂ ಇಲ್ಲದ ಒಂದು ತುಂಡನ್ನು, ಉದಾಹರಣೆಗೆ 5ರಿಂದ 9 ಸೆಕೆಂಡ್, ಬೇಕೆಂದೇ ಬಿಟ್ಟಿಡಿ. ಹಿನ್ನೆಲೆ ಕಳೆದಮೇಲೆ ಅಲ್ಲಿ ಶೂನ್ಯ ಬರಬೇಕು, ಏರಿಳಿತದ ಮಿತಿಯೊಳಗೆ. ಬಾರದಿದ್ದರೆ ಮುಂದೆ ಹೋಗಬೇಡಿ. ತುಂಡುಗಳ ಗಡಿಯನ್ನು ಆಚೀಚೆ ಸರಿಸಿಯೂ ನೋಡಿ. ಉತ್ತರ ಎಷ್ಟು ಅಲುಗುತ್ತದೋ ಅಷ್ಟು ನಿಮ್ಮ ನಿಜವಾದ ಅನಿಶ್ಚಿತತೆಗೆ ಸೇರಬೇಕು.

ಇದು ಸ್ಫೋಟವೇ ಎಂದು ಖಚಿತಪಡಿಸಿಕೊಳ್ಳುವುದು

ಪ್ರಸಿದ್ಧ ಸ್ಫೋಟಕ್ಕೆ ಇದು ಬೇಡ, ಹೊಸ ಟ್ರಿಗರ್‌ಗೆ ಬೇಕೇಬೇಕು. ಎಲ್ಲ ಹನ್ನೆರಡು ಡಿಟೆಕ್ಟರುಗಳಲ್ಲೂ ಎಣಿಕೆ ಒಂದೇ ರೀತಿ ಏರಿ ನಿಧಾನಕ್ಕೆ ಇಳಿದರೆ ಅದು ನೌಕೆಯ ಸುತ್ತಲಿನ ಕಣಗಳ ಹಾವಳಿ. ದಿಕ್ಕು ಸೂರ್ಯನ ಕಡೆಗಿದ್ದು ಹೆಚ್ಚಿನ ಎಣಿಕೆ 50 ಕೆಇವಿಗಿಂತ ಕೆಳಗಿದ್ದರೆ ಸೌರಜ್ವಾಲೆ. ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮುಗಿದು ಬಿಜಿಒನಲ್ಲಿ ಜೋರಾಗಿ ಕಂಡರೆ ಭೂಮಿಯ ಗುಡುಗುಮೋಡಗಳಿಂದ ಬಂದ ಗಾಮಾ ಮಿಂಚು. ಹತ್ತನೇ ಒಂದು ಸೆಕೆಂಡಿನಷ್ಟಿದ್ದು ಮೃದುವಾಗಿದ್ದರೆ ನಮ್ಮ ಗೆಲಾಕ್ಸಿಯ ಮ್ಯಾಗ್ನೆಟಾರ್ (ಅತಿ ಪ್ರಬಲ ಕಾಂತಕ್ಷೇತ್ರದ ನ್ಯೂಟ್ರಾನ್ ನಕ್ಷತ್ರ) ಇರಬಹುದು. 2020ರ ಏಪ್ರಿಲ್ 15ರ ಚಿಕ್ಕ, ಗಡುಸು ಸ್ಫೋಟವೊಂದು ಎನ್‌ಜಿಸಿ 253 ಗೆಲಾಕ್ಸಿಯ ಮ್ಯಾಗ್ನೆಟಾರಿನ ಮಹಾಜ್ವಾಲೆ ಎಂದು ವಿಶ್ಲೇಷಣೆಯ ನಂತರವೇ ತಿಳಿದದ್ದು.

ಅವಧಿ

ಹಿನ್ನೆಲೆ ಕಳೆದ ಎಣಿಕೆಗಳನ್ನು ಕೂಡುತ್ತ ಹೋಗಿ. ಒಟ್ಟು ಮೊತ್ತದ ಶೇಕಡಾ 5 ತಲುಪಿದ ಕ್ಷಣದಿಂದ ಶೇಕಡಾ 95 ತಲುಪಿದ ಕ್ಷಣದವರೆಗಿನ ಅಂತರವೇ ಟಿ90. ಜಿಬಿಎಂ ಪಟ್ಟಿಯಲ್ಲಿ ಇದನ್ನು 50–300 ಕೆಇವಿಯಲ್ಲಿ, ಎಣಿಕೆಗಳ ಬದಲು ಫೋಟಾನ್ ಹರಿವಿನಿಂದ ಲೆಕ್ಕ ಹಾಕುತ್ತಾರೆ, ಹಾಗಾಗಿ ನಿಮ್ಮ ಅಂಕಿ ಸ್ವಲ್ಪ ಬೇರೆ ಬಂದರೆ ಗಾಬರಿ ಬೇಡ. ಈ ಸ್ಫೋಟಕ್ಕೆ ಪ್ರಕಟವಾದದ್ದು 2.0 ಸೆಕೆಂಡ್, ಅನಿಶ್ಚಿತತೆ 0.5.

ಎರಡು ಸೆಕೆಂಡ್ ಎಂದರೆ ಚಿಕ್ಕ ಮತ್ತು ಉದ್ದ ಸ್ಫೋಟಗಳ ನಡುವಿನ ಸಾಂಪ್ರದಾಯಿಕ ಗಡಿಯೇ. ಆ ಗಡಿಯನ್ನು ಗೋಡೆಯೆಂದು ನಂಬಬೇಡಿ. 2021ರ ಡಿಸೆಂಬರ್ 11ರ ಸ್ಫೋಟ ಅರ್ಧ ನಿಮಿಷಕ್ಕೂ ಹೆಚ್ಚು ಉರಿಯಿತು. ಆದರೂ ಅದರ ಬೆನ್ನಿಗೆ ಕಂಡದ್ದು ವಿಲೀನಕ್ಕೆ ಸಲ್ಲುವ ಕಿಲೋನೋವಾ, ಅಂದರೆ ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಲ್ಲಿ ಸಿಡಿದ ದ್ರವ್ಯದ ಹೊಳಪು. ಅವಧಿಯೊಂದನ್ನೇ ಹಿಡಿದು ಮೂಲ ಯಾವುದೆಂದು ತೀರ್ಪು ಕೊಡುವ ಕಾಲ ಮುಗಿದಿದೆ.

ಸ್ಪೆಕ್ಟ್ರಮ್ ಹೊಂದಿಸುವುದು

ಮುಖ್ಯ ಶಿಖರಕ್ಕೆ ಋಣ 0.320ರಿಂದ 0.256 ಸೆಕೆಂಡ್, ಬಾಲಕ್ಕೆ 0.832ರಿಂದ 1.984 ಸೆಕೆಂಡ್ ತೆಗೆದುಕೊಳ್ಳಿ. ಎರಡನ್ನೂ ಸೇರಿಸಿ ಒಂದೇ ಸ್ಪೆಕ್ಟ್ರಮ್ ಮಾಡಿದರೆ ಎರಡರ ಗುಣವೂ ಕಲಸಿಹೋಗುತ್ತದೆ. ಸೋಡಿಯಂ ಅಯೋಡೈಡ್‌ನಲ್ಲಿ 8ರಿಂದ 900 ಕೆಇವಿ, ಬಿಜಿಒನಲ್ಲಿ 250 ಕೆಇವಿಯಿಂದ ಮೇಲೆ ಇಟ್ಟುಕೊಳ್ಳಿ. ಕೊನೆಯ ಚಾನೆಲ್ ಬಿಡಿ, ಮಿತಿ ಮೀರಿದ ಶಕ್ತಿಯೆಲ್ಲ ಅದರಲ್ಲಿ ಬಂದು ಬೀಳುತ್ತದೆ. ಅಯೋಡಿನ್ ಪರಮಾಣು 33.17 ಕೆಇವಿಯಲ್ಲಿ ಎಕ್ಸ್-ರೇಯನ್ನು ಹಠಾತ್ತನೆ ಹೆಚ್ಚು ಹೀರಿಕೊಳ್ಳುವುದರಿಂದ ಅಲ್ಲಿ ರೆಸ್ಪಾನ್ಸ್ ಪೂರ್ತಿ ನಿಖರವಲ್ಲ. ಪ್ರಖರ ಸ್ಫೋಟಗಳಲ್ಲಿ 30–40 ಕೆಇವಿ ಬಿಟ್ಟುಬಿಡುವುದು ರೂಢಿ. ಇಲ್ಲದಿದ್ದರೆ ಆ ಗುಳಿಯನ್ನು ಹೊಸ ಭೌತವಿಜ್ಞಾನ ಎಂದುಕೊಳ್ಳುವ ಅಪಾಯವಿದೆ.

ಮಾದರಿ ಡೇಟಾಕ್ಕೆ ಎಷ್ಟು ಹೊಂದಿತೆಂದು ಹೇಳುವ ಕೈ-ವರ್ಗ (ಕೈ-ಸ್ಕ್ವೇರ್, χ²) ಅಳತೆ ಇಲ್ಲಿ ಬೇಡ. ಬಹಳ ಚಾನೆಲ್‌ಗಳಲ್ಲಿ ಒಂದೆರಡೇ ಎಣಿಕೆ ಇರುತ್ತವೆ, ಆಗ ಅದು ಹರಿವನ್ನು ಕಡಿಮೆ ತೋರಿಸುತ್ತದೆ. ಒಟ್ಟು ಎಣಿಕೆಗೆ ಪಾಸಾನ್ ವಿತರಣೆ, ಹೊಂದಿಸಿದ ಹಿನ್ನೆಲೆಗೆ ಗಾಸಿಯನ್ ವಿತರಣೆ ಎಂದು ಭಾವಿಸುವ ಪಿಜಿಸ್ಟಾಟ್ ಬಳಸಿ.

ಮಾದರಿ ಯಾವುದು? ಪ್ರಖರ ಸ್ಫೋಟಗಳಿಗೆ ಬ್ಯಾಂಡ್ ಫಲನ: ಕೆಳಗಿನ ಇಳಿಜಾರು ಸುಮಾರು ಋಣ 1, ಮೇಲಿನದು ಋಣ 2.3, ನಡುವೆ ಶಿಖರ ಶಕ್ತಿ, ಅಂದರೆ ಸ್ಫೋಟ ಅತಿ ಹೆಚ್ಚು ಶಕ್ತಿ ಹೊರಸೂಸುವ ಫೋಟಾನ್ ಶಕ್ತಿ. ನಮ್ಮದರಲ್ಲಿ ಹೆಚ್ಚು ಶಕ್ತಿಯ ಫೋಟಾನುಗಳು ಅಷ್ಟಿಲ್ಲ. ಬ್ಯಾಂಡ್ ಹಾಕಿದರೆ ಮೇಲಿನ ಇಳಿಜಾರು ಎಲ್ಲೂ ನೆಲೆ ನಿಲ್ಲದೆ ಋಣ 10ರ ಕಡೆ ಜಾರಬಹುದು. ಡೇಟಾಕ್ಕೆ ಆ ನಿಯತಾಂಕವನ್ನು ಅಳೆಯುವ ಶಕ್ತಿ ಇಲ್ಲ ಎಂದೇ ಅದರ ಅರ್ಥ. ಘಾತನಿಯಮಕ್ಕೆ ಘಾತೀಯ ಕಡಿತ ಸೇರಿಸಿದ ಸರಳ ಮಾದರಿ ಸಾಕು. ಮುಖ್ಯ ಶಿಖರಕ್ಕೆ ಸುಮಾರು 200 ಕೆಇವಿಯ ಶಿಖರ ಶಕ್ತಿ ಬರಬೇಕು, ಅನಿಶ್ಚಿತತೆ ಅದರ ಕಾಲು ಭಾಗಕ್ಕೂ ಹೆಚ್ಚು. ಬಾಲಕ್ಕೆ ಕೃಷ್ಣಕಾಯ ಮಾದರಿ (ಬಿಸಿ ವಸ್ತುವಿನ ಹೊಳಪಿನದು) ಹಾಕಿದರೆ ಉಷ್ಣಾಂಶ ಸುಮಾರು 10 ಕೆಇವಿ.

ಎಕ್ಸ್‌ಸ್ಪೆಕ್ ಬಳಸುವವರು ಒಂದು ವಿಷಯ ಗಮನಿಸಿ. ಅದರ ಕಡಿತ ಮಾದರಿಯೂ ಬ್ಯಾಂಡ್ ಮಾದರಿಯೂ ಕೊಡುವುದು ಕಡಿತ ಶಕ್ತಿಯನ್ನು, ಶಿಖರ ಶಕ್ತಿಯನ್ನಲ್ಲ. ಇಳಿಜಾರಿಗೆ 2 ಸೇರಿಸಿ ಕಡಿತ ಶಕ್ತಿಯಿಂದ ಗುಣಿಸಿದರೆ ಶಿಖರ ಶಕ್ತಿ. ಇಳಿಜಾರು ಋಣ 0.6, ಕಡಿತ 140 ಕೆಇವಿ ಆದರೆ 1.4 ಗುಣಿಸು 140, ಅಂದರೆ 196 ಕೆಇವಿ. ಕಡಿತ ಮಾದರಿಯಲ್ಲಿ ಇಳಿಜಾರಿನ ಚಿಹ್ನೆ ತಿರುಗಿರುತ್ತದೆ, 0.6 ಎಂದು ಧನವಾಗಿ ಬರೆದಿರುತ್ತದೆ. ಇದನ್ನು ಮರೆತರೆ ಪ್ರಕಟಿತ ಅಂಕಿಗೂ ನಿಮ್ಮದಕ್ಕೂ ತಾಳೆಯಾಗದು.

ಒಟ್ಟು ಶಕ್ತಿ

10–1000 ಕೆಇವಿಯಲ್ಲಿ ಇಡೀ ಸ್ಫೋಟದಿಂದ ಪ್ರತಿ ಚದರ ಸೆಂ.ಮೀ.ಗೆ ಬಿದ್ದ ಶಕ್ತಿ 2.8×10⁻⁷ ಅರ್ಗ್ (ಒಂದು ಅರ್ಗ್ ಎಂದರೆ 10⁻⁷ ಜೂಲ್). ದೂರ ಸುಮಾರು 40 ಮೆಗಾಪಾರ್ಸೆಕ್, ಅಂದರೆ 13 ಕೋಟಿ ಬೆಳಕಿನ ವರ್ಷ, 1.23×10²⁶ ಸೆಂ.ಮೀ. ಆ ತ್ರಿಜ್ಯದ ಗೋಳದ ಮೇಲ್ಮೈ 1.9×10⁵³ ಚದರ ಸೆಂ.ಮೀ. ಗುಣಿಸಿದರೆ ಸುಮಾರು 5×10⁴⁶ ಅರ್ಗ್. ಶಕ್ತಿಯ ವ್ಯಾಪ್ತಿ, ದೂರ, ಬಾಲವನ್ನು ಸೇರಿಸಿದ್ದೋ ಬಿಟ್ಟದ್ದೋ ಎಂಬುದರ ಮೇಲೆ ಇದು ಎರಡುಪಟ್ಟು ವ್ಯತ್ಯಾಸವಾಗಬಹುದು. ಹಾಗಾಗಿ ಅಂಕಿಯ ಜೊತೆ ಈ ಮೂರನ್ನೂ ಬರೆಯಿರಿ. ದೂರದ ಸ್ಫೋಟಗಳಿಗೆ 1 ಕೂಡಿಸು ಕೆಂಪುಪಲ್ಲಟದಿಂದ ಭಾಗಿಸಬೇಕು, ಶಕ್ತಿ ವ್ಯಾಪ್ತಿಯ ತಿದ್ದುಪಡಿಯನ್ನೂ ಮಾಡಬೇಕು. ಇಷ್ಟು ಹತ್ತಿರದ್ದಕ್ಕೆ ಅದು ನಗಣ್ಯ. ಸಾಮಾನ್ಯ ಚಿಕ್ಕ ಸ್ಫೋಟಗಳಿಗಿಂತ ಇದು ಸಾವಿರ ಪಟ್ಟಿಗೂ ಹೆಚ್ಚು ಮಂಕು. ಸ್ಫೋಟದ ಚಿಮ್ಮುಧಾರೆ (ಜೆಟ್) ನೇರ ನಮ್ಮತ್ತ ಇರಲಿಲ್ಲ, ನಾವು ಓರೆಯಿಂದ ನೋಡಿದೆವು ಎಂಬ ವಿವರಣೆಗೆ ಇದೇ ಅಂಕಿ ದಾರಿ ಮಾಡಿಕೊಟ್ಟದ್ದು.

ಅತಿ ಪ್ರಖರವಾದಾಗ

2022ರ ಅಕ್ಟೋಬರ್ 9ರ ಸ್ಫೋಟ ತದ್ವಿರುದ್ಧ ಪಾಠ. ಡಿಟೆಕ್ಟರ್ ಪ್ರತಿ ಎಣಿಕೆಯ ನಂತರ 2.6 ಮೈಕ್ರೋಸೆಕೆಂಡ್ ಕುರುಡಾಗುತ್ತದೆ. ಸಾಧಾರಣ ಸ್ಫೋಟದಲ್ಲಿ ಈ ತಿದ್ದುಪಡಿ ತಾನಾಗಿಯೇ ಆಗಿರುತ್ತದೆ. ಫೋಟಾನುಗಳು ಒಂದರ ಮೇಲೊಂದು ಬಿದ್ದಾಗ ಎರಡು ಸೇರಿ ಒಂದೇ ದೊಡ್ಡ ಶಕ್ತಿಯದಾಗಿ ದಾಖಲಾಗುತ್ತವೆ, ಟಿಟಿಇಯ ಸಾಗಣೆ ಮಿತಿಯೂ ತುಂಬಿ ಎಣಿಕೆಗಳು ಬಿಟ್ಟುಹೋಗುತ್ತವೆ. ಸುಳಿವು ಹೀಗಿರುತ್ತದೆ: ಶಿಖರದ ತುದಿ ಕತ್ತರಿಸಿದಂತೆ ಚಪ್ಪಟೆಯಾಗಿರುತ್ತದೆ, ಸ್ಪೆಕ್ಟ್ರಮ್ ಅಸಹಜವಾಗಿ ಗಡುಸಾಗಿರುತ್ತದೆ. ಆ ಭಾಗಗಳನ್ನು ಕೈಬಿಡಿ. ಉಪಕರಣದ ತಂಡ ಕೆಟ್ಟ ಅವಧಿಗಳೆಂದು ಸಾರಿದ್ದರೆ ಅದನ್ನು ಮೀರಿ ಹೊಂದಿಸಲು ಹೋಗಬೇಡಿ.

ಆಸ್ಟ್ರೋಸ್ಯಾಟ್ ಎಲ್ಲಿ ಕೈಹಿಡಿಯುತ್ತದೆ

2015ರ ಸೆಪ್ಟೆಂಬರ್ 28ರಂದು ಉಡಾಯಿಸಿದ ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ಸಿಝಡ್‌ಟಿಐ ಉಪಕರಣದಲ್ಲಿ 64 ತುಂಡುಗಳಲ್ಲಿ 16,384 ಚುಕ್ಕಿಗಳಿವೆ (ಪಿಕ್ಸೆಲ್). ಸುಮಾರು 100 ಕೆಇವಿಗಿಂತ ಮೇಲೆ ಅದರ ಹೊರಕವಚವನ್ನೇ ಗಾಮಾ ಕಿರಣಗಳು ದಾಟಿಬರುವುದರಿಂದ ಅದು ಬದಿಯಿಂದ ಬಂದ ಸ್ಫೋಟಗಳನ್ನೂ ಹಿಡಿಯುತ್ತದೆ. ಕಕ್ಷೆ ಕೇವಲ 6 ಡಿಗ್ರಿ ಬಾಗಿದ್ದು ದಕ್ಷಿಣ ಅಟ್ಲಾಂಟಿಕ್ ಪ್ರದೇಶದ ಅಂಚನ್ನಷ್ಟೇ ಸವರುತ್ತದೆ, ಹಾಗಾಗಿ ಹಿನ್ನೆಲೆ ಶಾಂತ. 2017ರ ಆ ದಿನ ಮಾತ್ರ ಮೂಲಕ್ಕೂ ಆಸ್ಟ್ರೋಸ್ಯಾಟ್‌ಗೂ ನಡುವೆ ಭೂಮಿ ಅಡ್ಡವಾಗಿತ್ತು. ಸ್ವಿಫ್ಟ್‌ನ ಪಾಡೂ ಅದೇ ಆಗಿತ್ತು. ಒಂದು ಉಪಕರಣಕ್ಕೆ ಏನೂ ಕಾಣದಿದ್ದರೆ ಮೊದಲು ಭೂಮಿ ಎಲ್ಲಿತ್ತು ಎಂದು ನೋಡುವುದು ಅದಕ್ಕೇ.

ಆಸ್ಟ್ರೋಸ್ಯಾಟ್ ಉಪಕರಣದ ವಿಶೇಷ ಸಾಮರ್ಥ್ಯ ಧ್ರುವೀಕರಣದ (ಕಿರಣದ ಕಂಪನ ಒಂದೇ ದಿಕ್ಕಿಗೆ ವಾಲಿರುವುದು) ಅಳತೆ. ಒಂದು ಫೋಟಾನ್ ಒಂದು ಚುಕ್ಕಿಯಲ್ಲಿ ಚದುರಿ ಪಕ್ಕದ ಚುಕ್ಕಿಯಲ್ಲಿ ಹೀರಲ್ಪಟ್ಟರೆ ಎರಡರಲ್ಲೂ ಏಕಕಾಲಕ್ಕೆ ಎಣಿಕೆ ಬೀಳುತ್ತದೆ; ಯಾವ ದಿಕ್ಕಿಗೆ ಹೆಚ್ಚು ಚದುರಿತು ಎಂಬುದರಿಂದ ಧ್ರುವೀಕರಣ ತಿಳಿಯುತ್ತದೆ. ಇದಕ್ಕೆ ಪ್ರಖರ ಸ್ಫೋಟವೇ ಬೇಕು, ಜೊತೆಗೆ ಇಡೀ ನೌಕೆಯ ದ್ರವ್ಯರಾಶಿ ಹಂಚಿಕೆಯ ಕಂಪ್ಯೂಟರ್ ಮಾದರಿ. ಇದು ಕಲಿಕೆಯ ಮೊದಲ ಅಭ್ಯಾಸವಲ್ಲ. ಆದರೆ ಲೈಟ್ ಕರ್ವ್ ಮಾಡುವುದು ಸರಳ, ಡೇಟಾ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ ಇಸ್ರೋದ ಬಾಹ್ಯಾಕಾಶ ವಿಜ್ಞಾನ ಡೇಟಾ ಕೇಂದ್ರದ ಸಂಗ್ರಹದಲ್ಲಿ ನೋಂದಾಯಿಸಿಕೊಂಡವರಿಗೆ ಸಿಗುತ್ತದೆ.

ಮುಂದಿನ ಅಭ್ಯಾಸಕ್ಕೆ ಬಿಎನ್211211549 ತೆಗೆದುಕೊಳ್ಳಿ. ಈ ಸಲ ಉದ್ದ ಸ್ಫೋಟವಾದ್ದರಿಂದ ಹಿನ್ನೆಲೆಯ ತುಂಡುಗಳನ್ನು ಹೆಚ್ಚು ದೂರ ಇಡಬೇಕು, ನೌಕೆ ತಿರುಗಿದಂತೆ ಬದಲಾಗುವ ರೆಸ್ಪಾನ್ಸ್ ಫೈಲನ್ನು ಬಳಸಬೇಕು. ಪ್ರತಿ ಓಟಕ್ಕೂ ಫೈಲುಗಳ ಆವೃತ್ತಿ, ಡಿಟೆಕ್ಟರುಗಳು, ಹಿನ್ನೆಲೆಯ ಗಡಿಗಳು, ಬಹುಪದೋಕ್ತಿಯ ಘಾತ, ಬಿಟ್ಟ ಚಾನೆಲ್‌ಗಳು ಇವಿಷ್ಟನ್ನು ಒಂದು ಪುಟದಲ್ಲಿ ಬರೆದಿಡಿ. ಬೇರೆಯವರು ನಿಮ್ಮ ಅಂಕಿಯನ್ನು ಮತ್ತೆ ಪಡೆಯಲು ಬೇಕಾಗುವುದು ಇಷ್ಟೇ.